ಕಾರ್ಡ್ ಮತ್ತೆ ಸುಟ್ಟಿತು

"ಮುಟ್ಟಬ್ಯಾಡ್ರಿ ಮೇಡಂ, ಅದರಾಗ ಕರೆಂಟ್ ಐತಿ."

ಹಿಂದಿನಿಂದ ಬಂದ ಯಾರೋ ಯಶೋಧರಾಳ ಮಣಿಕಟ್ಟು ಹಿಡಿದುಬಿಟ್ಟಿದ್ದರು.

ತಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಅವಳು ಟೆಲಿಫೋನ್ ಆಪರೇಟರ್. ಆಫೀಸಿನ ಅಷ್ಟೂ ಫೋನುಗಳು ನಡೆಯುವುದು ಗೋಡೆಯ ಮೇಲಿನ ಒಂದೇ ಪೆಟ್ಟಿಗೆಯಿಂದ. ಅದರೊಳಗಿನ ಸರ್ಕ್ಯೂಟ್ ಕಾರ್ಡ್ ಮೂರನೇ ಸಲ ಸುಟ್ಟಿತ್ತು. ಮಾಲೀಕ ದೇವಾನಂದ ಬೆಳಗಿನಿಂದ ಕೂಗಾಡಿದ್ದ. ಆ ಸಿಟ್ಟಿನಲ್ಲಿ ಅವಳು ತಾನೇ ಕಿತ್ತು ನೋಡಲು ಹೋಗಿದ್ದಳು.

"ಕೈ ಬಿಡ್ರಿ."

ಅವನು ಬಿಟ್ಟ. ವಿಜಯಪುರದ ಸ್ಟೇಷನ್ ರಸ್ತೆಯ ಅಂಗಡಿಯಿಂದ ಬಂದ ಮೆಕ್ಯಾನಿಕ್ ರಾಜರತ್ನ. ಅವಳಿಗೆ ಕೋಪ ಬಂದದ್ದು ನಿಜ. ಆದರೆ ಬಂದದ್ದು ಅವನು ಕೈ ಬಿಟ್ಟ ಮೇಲೆ!

"ಬರೂದು, ಕಾರ್ಡ್ ಬದಲಿಸೂದು, ಹೋಗೂದು. ಯಾಕ ಸುಡತೈತಿ ಅಂತ ನಿಮ್ಮ ಅಂಗಡ್ಯಾಗ ಯಾರರ ಕೇಳ್ಯಾರೇನ್ರಿ?"

"ಅದನ್ನ ಕೇಳಾಕ ನಾ ಬಂದೇನ್ರಿ."

ಹೇಳಿದಂತೆ ಅವನು ಮತ್ತೆ ಮತ್ತೆ ಬಂದ. ಸ್ಟೆಬಿಲೈಸರ್ ನೋಡಿದ, ಪೆಟ್ಟಿಗೆಯನ್ನೇ ಬೇರೆ ಗೋಡೆಗೆ ಸರಿಸಿದ. ಸಂಜೆಯಾದರೆ ಅಂಗಡಿಯಿಂದ ಫೋನು ಮಾಡುತ್ತಿದ್ದ.

"ಲೈನ್ ಹೆಂಗದಾವ್ರಿ?"

ಲೈನ್ ಚೆನ್ನಾಗಿದೆ ಎನ್ನಲು ಒಂದು ಮಾತು ಸಾಕಿತ್ತು. ಅವರಿಬ್ಬರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಆದರೂ ಮೊಬೈಲ್ ನಂಬರ್ ಕೇಳುವ ಧೈರ್ಯ ಮಾತ್ರ ಇಬ್ಬರಿಗೂ ಬರಲಿಲ್ಲ ನೋಡಿ!

ಒಂದು ದಿನ ಆ ಫೋನು ಬರಲಿಲ್ಲ. ಮರುದಿನವೂ ಇಲ್ಲ.

ಯಶೋಧರಾಗೆ ಕೂತಲ್ಲಿ ಕೂರಲಾಗಲಿಲ್ಲ. ರಿಸೀವರ್ ಎತ್ತುವಳು, ಇಡುವಳು. ಲೈನೇ ಸತ್ತಿದೆಯೇನೋ ಎಂದು ಮತ್ತೆ ಎತ್ತುವಳು. ಹೊನವಾಡದ ಮನೆಯಲ್ಲಿ ಅವ್ವ ತಿಪ್ಪವ್ವ ಬೇರೆ, "ರವಿವಾರ ನಿನ್ನ ನೋಡಾಕ ಬರ್ತಾರ" ಎಂದು ಹೇಳಿಬಿಟ್ಟಿದ್ದಳು.

'ಕಾರ್ಡ್ ಇನ್ನೊಮ್ಮೆ ಸುಡಬಾರದೇ...' ಸಂಬಳ ಕೊಡುವ ಆಫೀಸಿಗೆ ಇಂಥ ಕೇಡು ಬಯಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಸುಟ್ಟಿತು. ಆದರೆ ಬಂದವನು ಅಂಗಡಿಯ ಇನ್ನೊಬ್ಬ ಮೆಕ್ಯಾನಿಕ್, ಮುತ್ತು.

"ರಾಜರತ್ನ ಅವರು ಬರಲಿಲ್ಲೇನು?"

"ತಿಕೋಟಾಕ್ಕ ನಾ ಹೋಗೂದಿಲ್ಲ ಅಂದಾರ್ರಿ."

ಅವಳು ಸುಟ್ಟ ಕಾರ್ಡನ್ನು ಕೈಯಲ್ಲಿ ಹಿಡಿದೇ ಕೂತಳು. ನಾನೇನು ತಪ್ಪು ಮಾಡಿದೆ? ಮಾತು ಹೆಚ್ಚಾಯಿತೇ? ನಾಲ್ಕು ದಿನ ಅದನ್ನೇ ತಿರುವಿ ಹಾಕಿದಳು. ಮುತ್ತು ಹಾಕಿದ ಕಾರ್ಡೂ ಶುಕ್ರವಾರ ಸುಟ್ಟಿತು. ಈ ಸಲ ಅವಳು ತನ್ನ ಮೊಬೈಲಿನಿಂದಲೇ ಅಂಗಡಿಗೆ ಫೋನು ಹಚ್ಚಿದಳು. ಎತ್ತಿದವನು ಅವನೇ.

"ಯಾಕಂತ ಕೇಳಾಕ ಬಂದೇನಿ ಅಂದಿದ್ರಿ. ಉತ್ತರ ಸಿಗೂ ಮೊದಲ ಬಿಟ್ಟು ಹೋಗೂದು ನಿಮ್ಮ ಪದ್ಧತೇನು?"

ಆ ಕಡೆ ಸ್ಕ್ರೂಡ್ರೈವರ್ ಕೆಳಗಿಟ್ಟ ಸಪ್ಪಳವಾಯಿತು.

"ಬರ್ತೀನ್ರಿ."

ಶನಿವಾರ ಬಂದ. ಮುಖ ಎತ್ತಲಿಲ್ಲ. ಪೆಟ್ಟಿಗೆಯಿಂದ ಹೊರಟ ಅರ್ಥಿಂಗ್ ವೈರನ್ನು ಕೈಯಲ್ಲಿ ಸವರುತ್ತ ಗೋಡೆ ಹಿಡಿದು ಹಿತ್ತಿಲಿಗೆ ಹೋದ. ಯಶೋಧರಾ ಕರೆಯದಿದ್ದರೂ ಹಿಂದೆ ಹೋದಳು. ಲಾರಿ ನಿಲ್ಲಿಸಲು ಹೊಸದಾಗಿ ಕಾಂಕ್ರೀಟ್ ಹಾಕಿದ ಜಾಗದಲ್ಲಿ ವೈರು ತುಂಡಾಗಿ ನಿಂತಿತ್ತು.

"ದೊಡ್ಡ ಮೋಟಾರ್ ಚಾಲೂ ಆದಾಗ ಬರೂ ಜಾಸ್ತಿ ಕರೆಂಟ್ ನೆಲಕ್ಕ ಇಳೀಬೇಕ್ರಿ. ಇಳ್ಯಾಕ ದಾರಿ ಇಲ್ಲ. ಹೊಳ್ಳಿ ಕಾರ್ಡಿಗೇ ಬಡಿಯಾಕತ್ತಿತ್ತು."

ಹೊಸ ವೈರು ಎಳೆದು ನೆಲಕ್ಕೆ ಕೂಡಿಸಿದ. ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿದ.

"ಇನ್ನ ಸುಡೂದಿಲ್ಲ. ನಾ ಬರೂ ಕೆಲಸಾನೂ ಇಲ್ಲ. ಮದುವಿ ಚಲೋ ಆಗ್ಲಿ ಮೇಡಂ."

"ಯಾರ ಮದುವಿ?"

"ಅವತ್ತ ಸಂಜಿಕ ಕಡೀ ಸಲ ಫೋನ್ ಮಾಡಿದ್ನಿ. ನಿಮ್ಮ ಬದಲಿ ವಾಚಮನ್ ಕರೆಪ್ಪ ಎತ್ತಿದ್ದ. 'ಮೇಡಂ ಎಂಗೇಜ್ ಆಗ್ಯಾರ್ರಿ, ನಿಮಗ ಸಿಗೂದಿಲ್ಲ' ಅಂದ."

ಯಶೋಧರಾಗೆ ಈಗ ಗೊತ್ತಾಯಿತು. ನಗು ಬಂತು, ಅದರ ಬೆನ್ನಿಗೇ ಅಳು.

"ಎಂಗೇಜ್ ಅಂದ್ರ ನಾ ಇನ್ನೊಂದು ಲೈನಿನಾಗ ಮಾತಾಡಾಕತ್ತಿದ್ದೆ. ಕರೆಪ್ಪ ಕಾಕಾ ಹೇಳಿದ್ದು ಅಷ್ಟ... ಫೋನಿನ ಕೆಲಸ ಮಾಡಾವರಿಗೆ ಇದೂ ತಿಳಿಯಲಿಲ್ಲೇನು?"

ರಾಜರತ್ನನ ಕಿವಿ ಕೆಂಪಾಯಿತು. "ನಿಮ್ಮ ವಿಷಯದಾಗ ನನಗ ಏನೂ ತಿಳಿಯೂದಿಲ್ಲ ಯಶೋಧರಾ. ಬರೂದಿಲ್ಲ ಅಂತ ಹಟ ಮಾಡಿದ್ನಿ. ಅಂಗಡ್ಯಾಗ ಕುಂತ್ರ ನಿಮ್ಮ ದನಿನ ಕೇಳತಿತ್ತು. ನೀವಂದ್ರ ನನಗ ಜೀವ."

ಅವಳು ಕಣ್ಣೊರೆಸಿಕೊಂಡಳು. ಇಷ್ಟು ದಿನ ಕಾದದ್ದು ಈ ಮಾತಿಗೇ.

"ನನಗೂ. ಆದ್ರ ನಾಳೆ ನನ್ನ ನೋಡಾಕ ಯಾರೋ ಬರಾವರದಾರ."

ಅವನು ಚೀಲ ಹೆಗಲಿಗೇರಿಸಿದ. "ಹೊನವಾಡಕ್ಕ ಈಗ ಬಸ್ ಐತೇನು?"

"ಐತಿ. ನಾನೂ ಅದಕ್ಕ ಹೋಗಾಕಿ."

"ಬಂದು ನಿಮ್ಮವ್ವಗ ಏನಂತ ಹೇಳ್ಲಿ?"

ಯಶೋಧರಾ ಮೊದಲ ಸಲ ಅವನ ಕೈಯನ್ನು ತಾನಾಗಿಯೇ ಹಿಡಿದಳು.

"ಏನೂ ಕೆಟ್ಟಿಲ್ಲ, ಆದ್ರೂ ಬಂದೇನಿ ಅಂತ ಹೇಳ್ರಿ."