ಶಂಶಾದ್ ಬಿಗಿದ ನಟ್ಟು

“ನಾಲ್ಕೂ ಟೈರುಗಳ ಆಯುಸ್ಸು ಮುಗಿದಿದೆ. ದಯವಿಟ್ಟು ಬದಲಾಯಿಸಿ,” ಎಂದು ಕಾರು ಸೌಮ್ಯವಾಗಿ ಹೇಳಿ ಸುಮ್ಮನಾಯಿತು. ದಾದಾಪೀರರು ಮೂರನೆಯ ಸಲ ಸ್ಟಾರ್ಟ್ ಗುಂಡಿ ಒತ್ತಿದರು. ಅದೇ ಮಾತು, ಅದೇ ವಿನಯ. ಬೈದರೂ ಬೇಜಾರು ಮಾಡಿಕೊಳ್ಳದ ಯಂತ್ರದ ಜೊತೆ ಜಗಳ ಆಡುವುದಾದರೂ ಹೇಗೆ?

ಅದು 2061ನೆಯ ಇಸವಿ. ರಸ್ತೆಗಿಳಿಯುವ ಪ್ರತಿ ಕಾರಿಗೂ ‘ನಾಡಿ’ ಕಡ್ಡಾಯವಾಗಿತ್ತು. ನಾಡಿ ಎಂದರೆ ಟೈರಿಗೆ ಗಾಳಿ ತುಂಬುವ ವಾಲ್ವಿಗೆ ಹೊರಗಿನಿಂದಲೇ ಸಿಕ್ಕಿಸುವ, ಹುಣಸೆಬೀಜದಷ್ಟು ಪುಟ್ಟ ಸಾಧನ. ಗಾಲಿ ಉರುಳುವಾಗ ಅದು ರಬ್ಬರಿನೊಳಗೆ ಕಂಪನ ಕಳಿಸಿ, ಮರಳಿ ಬಂದ ಕಂಪನದಿಂದ ರಬ್ಬರು ಎಷ್ಟು ಸವೆದಿದೆ, ಎಷ್ಟು ಗಡುಸಾಗಿದೆ ಎಂದು ತಿಳಿಯುತ್ತಿತ್ತು. ಆಯುಸ್ಸು ಮುಗಿದಿದ್ದರೆ ಕಾರನ್ನು ಹೊರಡಲು ಬಿಡುತ್ತಿರಲಿಲ್ಲ. ಅದು ಬಂದ ಮೇಲೆ ಹೆದ್ದಾರಿಯಲ್ಲಿ ಟೈರು ಸಿಡಿದ ಸುದ್ದಿ ಅಪರೂಪವಾಯಿತು. ಟೈರು ತೋರಿಸಿ ಸಲಹೆ ಕೇಳುವವರೇ ಇಲ್ಲವಾಗಿ, ರಾಣೆಬೆನ್ನೂರಿನ ಹೆದ್ದಾರಿ ಪಕ್ಕ ನಲವತ್ತು ವರ್ಷ ನಡೆದ ದಾದಾಪೀರರ ಟೈರಂಗಡಿಯೂ ಮುಚ್ಚಿತು.

ಹಳೆಯ ಕಾರುಗಳಿಗೆ ಕೊಟ್ಟಿದ್ದ ಗಡುವು ಮುಗಿಯುತ್ತ ಬಂದಾಗ, ಅವರು ತಮ್ಮ ಕಾರಿಗೆ ನಾಡಿ ಹಾಕಿಸಿದ್ದು ಮೊನ್ನೆ. ಮನೆ ಮುಟ್ಟುವಷ್ಟರಲ್ಲಿ ಅದು ತೀರ್ಪು ಕೊಟ್ಟಿತ್ತು. ನಾಳೆ ಮೊಮ್ಮಗಳು ಅಲೀನಾಳಿಗೆ ಆರು ತುಂಬುತ್ತದೆ. ಇದೇ ಕಾರಿನಲ್ಲಿ ದಾವಣಗೆರೆಗೆ ಕರೆದೊಯ್ಯುತ್ತೇನೆಂದು ಅವರು ಮಾತು ಕೊಟ್ಟಾಗಿತ್ತು.

ಹೊಸ ಟೈರು ಹಾಕಿಸಿದರಾಯಿತು ಎಂದು ಮಗ ಹೇಳಿದ. ಅಷ್ಟು ಸುಲಭವೇ? ಊರ ಗಾಡಿಗಳಿಗೆಲ್ಲ ಹೊಸ ಟೈರು ಹಾಕುವವರ ಮನೆ ಗಾಡಿಗೆ ಬೋಳು ಟೈರೇ ಗತಿ ಎಂದು ಹೆಂಡತಿ ಶಂಶಾದ್ ವರ್ಷಗಟ್ಟಲೆ ಛೇಡಿಸಿದ್ದಳು. ಕೊನೆಗೊಂದು ದಿನ ಈ ಟೈರುಗಳು ಬಂದಾಗ, ಚಪ್ಪಲಿ ಕಳಚಿಟ್ಟು ಪಾನೆಯ, ಅಂದರೆ ಸ್ಪ್ಯಾನರಿನ, ಹಿಡಿಯ ಮೇಲೆ ಹತ್ತಿ ನಿಂತು ನಟ್ಟುಗಳನ್ನು ತಾನೇ ಬಿಗಿದಿದ್ದಳು. ಮರುವರ್ಷ ತೀರಿಕೊಂಡಳು. ಅಂದಿನಿಂದ ಹನ್ನೆರಡು ವರ್ಷ, ಪ್ರತಿ ಶುಕ್ರವಾರ ದಾದಾಪೀರರು ಕಾರು ತೊಳೆದು, ಟೈರಿಗೆ ಕಪ್ಪು ಪಾಲಿಶ್ ಹಚ್ಚಿ, ಕಬರಸ್ತಾನಕ್ಕೆ ಹೋಗಿ ಬರುತ್ತಿದ್ದರು. ಆ ನಟ್ಟುಗಳನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ.

ಅವರು ಫೋನು ಮಾಡಿದ್ದು ನಾಡಿಯನ್ನು ಕಂಡುಹಿಡಿದ ಡಾ. ಇಂಚರಾ ಹಿರೇಗೌಡರ್‌ಗೇ. ಚಿಕ್ಕವಳಿದ್ದಾಗ ಅಪ್ಪನ ಕಾರಿಗೆ ಗಾಳಿ ತುಂಬಿಸುವ ತನಕ ಅವರ ಅಂಗಡಿಯ ಟೈರು ರಾಶಿಯ ಮೇಲೆ ಕೂತು ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಿದ್ದ ಹುಡುಗಿ ಅವಳು. ಮಧ್ಯಾಹ್ನವೇ ಹುಬ್ಬಳ್ಳಿಯಿಂದ ಬಂದಳು.

“ನಿನ್ನ ಯಂತ್ರಕ್ಕ ಕಣ್ಣಿಲ್ಲ ಯವ್ವಾ,” ಎಂದರು ದಾದಾಪೀರರು. “ಟೈರಿನ ಈ ಗೆರಿ ನೋಡು, ಇನ್ನೂ ಎಷ್ಟು ಆಳ ಐತಿ. ಆ ನಾಡಿನ ಕಿತ್ತು ಹಾಕು.”

ಇಂಚರಾ ವಾದಕ್ಕೆ ಇಳಿಯಲಿಲ್ಲ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯೊಂದನ್ನು ಅವರ ಕೈಗೆ ಕೊಟ್ಟಳು.

“ಚಾಚಾ, ಇದು ನಿಮ್ಮ ಗಾಡಿ ಅಲ್ಲ ಅಂತ ತಿಳೀರಿ. ಯಾರೋ ಗಿರಾಕಿ ತಂದಾನ. ನಾಳೆ ಮೊಮ್ಮಗಳನ್ನ ಕೂಡಿಸ್ಕೊಂಡು ಹೈವೇಕ್ಕ ಹೊಂಟಾನ. ಅವಂಗ ಏನ್ ಹೇಳ್ತೀರಿ?”

ದಾದಾಪೀರರು ಕುಕ್ಕುರುಗಾಲಲ್ಲಿ ಕೂತು ಒರೆಸಿದರು. ಪಾಲಿಶ್ ಹೋದಂತೆ ಟೈರಿನ ಪಕ್ಕೆಯಲ್ಲಿ ಜೋಳದ ರೊಟ್ಟಿಯ ಅಂಚಿನಂಥ ಬಿರುಕುಗಳು ಕಂಡವು. ಹೆಬ್ಬೆರಳಿನಿಂದ ಒತ್ತಿದರು, ರಬ್ಬರು ತಗ್ಗಲಿಲ್ಲ. ಪಕ್ಕದಲ್ಲೇ ನಾಲ್ಕು ಅಂಕಿಗಳಿದ್ದವು: 1247. ಎರಡು ಸಾವಿರದ ನಲವತ್ತೇಳರ ಹನ್ನೆರಡನೆಯ ವಾರದಲ್ಲಿ ಮಾಡಿದ ಟೈರು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ ಎಂದು, ಗಿರಾಕಿಗಳ ಕೈ ಹಿಡಿದೆಳೆದು ಈ ಅಂಕಿಗಳನ್ನೇ ಅವರು ತೋರಿಸುತ್ತಿದ್ದರು. ಹಳೆಯ ಟೈರಿಗೆ ಕಪ್ಪು ಬಳಿದು ಮಾರುವವರನ್ನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

“ಗೊತ್ತಿತ್ತು ಯವ್ವಾ,” ಎಂದರು. “ಒತ್ತಿ ನೋಡಿದ್ರ ತೆಗೀಬೇಕಾಗ್ತದ ಅಂತ, ಒತ್ತಿ ನೋಡ್ಲೇ ಇಲ್ಲ.”

ಇದರ ಆಯುಸ್ಸು ಮುಗಿದದ್ದು ಯಾವಾಗ, ನಿನ್ನ ಯಂತ್ರ ಹೇಳುತ್ತದೆಯೇ ಎಂದು ಕೇಳಿದರು. ಇಂಚರಾ ಹೇಳಲು ಹಿಂಜರಿದಳು. ಅವರು ಬಿಡಲಿಲ್ಲ. ಹೆಚ್ಚು ಕಡಿಮೆ ಆರೂವರೆ ವರ್ಷದ ಹಿಂದೆ ಎಂದಳು.

ದಾದಾಪೀರರು ಬೆರಳು ಮಡಿಸಿ ಲೆಕ್ಕ ಹಾಕಿದರು. ಐದು ದಿನದ ಅಲೀನಾಳನ್ನು ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಇದೇ ಕಾರಿನಲ್ಲಿ, ಆಗಲೇ ಆಯುಸ್ಸು ಮುಗಿದಿದ್ದ ಇವೇ ಟೈರುಗಳ ಮೇಲೆ. ಎಳೆಗೂಸು ಅಲುಗದಿರಲೆಂದು ಆ ದಿನ ಅವರು ಎಷ್ಟು ಹುಷಾರಾಗಿ ಓಡಿಸಿದ್ದರು. ಹೊರಡುವ ಮುನ್ನ ಟೈರಿಗೆ ಪಾಲಿಶ್ ಕೂಡ ಹಚ್ಚಿದ್ದರು.

ಅವರು ಎದ್ದು ಪಾನೆ ತಂದರು.

ಆ ನಾಲ್ಕು ಅಂಕಿಗಳನ್ನು ಓದಲು ನಾಡಿ ಬರುವ ತನಕ ಕಾಯಬೇಕಾಗಿಲ್ಲ. ಇವತ್ತು ನಮ್ಮ ಮನೆಯ ಮುಂದೆ ನಿಂತ ಕಾರಿನ ಟೈರುಗಳ ಮೇಲೂ ಅವು ಇವೆ. ಸ್ವಲ್ಪ ಬಗ್ಗಬೇಕು, ಅಷ್ಟೆ.