ರಿಬ್ಬನ್ ಕಟ್ಟಿದ ಸೀಟು

ಮರದ ಗ್ಯಾಲರಿಯ ಮೊದಲ ಸಾಲಿನಲ್ಲಿ ಒಂದು ಸೀಟು ಮಾಯವಾಗಿತ್ತು. ಬೋಲ್ಟ್ ಬಿಚ್ಚಿದ ತೂತುಗಳಷ್ಟೇ ಉಳಿದಿದ್ದವು. ಪಕ್ಕದಲ್ಲಿ ಕೆಂಪು ರಿಬ್ಬನ್ ಬಿದ್ದಿತ್ತು.

“ಸ್ಥಾಪಕರ ಸೀಟು ಮೇಡಂ!” ಮ್ಯಾನೇಜರ್ ತಲೆ ಚಚ್ಚಿಕೊಂಡ. “ಈ ಫುಟ್‌ಬಾಲ್ ಸ್ಟೇಡಿಯಂ ಕಟ್ಟಿಸಿದ ಪುಣ್ಯಾತ್ಮರು ಕೂರ್ತಿದ್ದ ಜಾಗ. ಇಪ್ಪತ್ತೆಂಟನೇ ನಂಬರು. ನಾನೇ ಎಣಿಸಿ ರಿಬ್ಬನ್ ಕಟ್ಟಿಸಿದ್ದೆ. ಹೊಸ ಸ್ಟೇಡಿಯಂನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡ್ಬೇಕಿತ್ತು!”

ಅವನು ಕರೆಸಿದ್ದ ನಿವೃತ್ತ ಇನ್‌ಸ್ಪೆಕ್ಟರಮ್ಮ ತಲೆಯಾಡಿಸಿದಳು. ಕಳ್ಳತನ, ಕೊಲೆ, ಸುಳ್ಳು, ಎಲ್ಲವನ್ನೂ ನೋಡಿ ನೋಡಿ ಅವಳ ಮನಸ್ಸು ಜಡ್ಡುಗಟ್ಟಿತ್ತು. ಒಂದು ಮರದ ಸೀಟಿಗೆ ಇಷ್ಟು ರಂಪವೇ ಎನಿಸಿತು. ಆದರೆ ಈ ಹಳೇ ಸ್ಟೇಡಿಯಂ ಕೆಡವುವ ಸುದ್ದಿ ಹಬ್ಬಿದಂದಿನಿಂದ ಜನ ಮೈದಾನದ ಹುಲ್ಲನ್ನೇ ಕಿತ್ತು ಚೀಲಕ್ಕೆ ತುಂಬಿಕೊಂಡು ಹೋಗಿದ್ದರಂತೆ. ಗೋಲುಕಂಬದ ಬಣ್ಣ ಕೆರೆದು ಪೊಟ್ಟಣ ಕಟ್ಟಿಕೊಂಡವನೂ ಇದ್ದನಂತೆ.

“ಬೀಗ ಒಡೆದಿಲ್ಲ,” ಎಂದ ಮ್ಯಾನೇಜರ್. “ಕೀಲಿ ಇದ್ದದ್ದು ಗೇಟಜ್ಜನ ಹತ್ರ. ಅದನ್ನ ಕಿತ್ಕೊಂಡಿದ್ದೀನಿ. ಸಂಜೆಯೊಳಗೆ ಸೀಟು ಸಿಗದಿದ್ರೆ ಪೊಲೀಸರಿಗೆ ಒಪ್ಪಿಸ್ತೀನಿ. ಹೊಸ ಸ್ಟೇಡಿಯಂನಲ್ಲಿ ಕೆಲಸಾನೂ ಇಲ್ಲ!”

ಗೇಟಜ್ಜ ಕೈಕಟ್ಟಿ ನಿಂತಿದ್ದ.

“ಅಜ್ಜಾ, ನಿನ್ನೆ ಗ್ಯಾಲರಿಗೆ ಯಾರಾದ್ರೂ ಬಂದಿದ್ರಾ?”

“ಹೊರಗಿನವರು ಯಾರೂ ಬಂದಿಲ್ಲಮ್ಮಾ.”

“ಗುಜರಿಯವನು?”

ಗುಜರಿಯವನು ಅಲ್ಲೇ ಕಬ್ಬಿಣ ತೂಗುತ್ತಿದ್ದ. “ಇಡೀ ಗ್ಯಾಲರಿನೇ ನಂಗೆ ಗುತ್ತಿಗೆ ಆಗಿದೆ ಮೇಡಂ! ಊಟ ತಟ್ಟೆಗೇ ಬರೋವಾಗ ಯಾರಾದ್ರೂ ಅಡುಗೆಮನೆಗೆ ಕನ್ನ ಹಾಕ್ತಾರಾ?”

ಮಾತು ಸರಿಯೇ ಇತ್ತು.

ಗ್ಯಾಲರಿಯ ಅಡಿಯಲ್ಲಿ ಒಗೆಯುವ ಕೋಣೆ. ಒಬ್ಬ ಹೆಂಗಸು ಆಟಗಾರರ ಜೆರ್ಸಿಗಳನ್ನು ಮಡಚುತ್ತಿದ್ದಳು. ಮೆಷಿನ್ ಮೇಲೆ ಸ್ಪ್ಯಾನರ್ ಬಿದ್ದಿತ್ತು.

“ನಮ್ಮತ್ತಿಗೆ,” ಎಂದ ಮ್ಯಾನೇಜರ್. “ಅಣ್ಣ ಹೋದ ವರ್ಷ ತೀರಿಕೊಂಡ.”

“ಮೇಲೆ ಏನಾದ್ರೂ ಸದ್ದು ಕೇಳಿಸ್ತಾ?”

“ಮೆಷಿನ್ ಓಡ್ತಿರುತ್ತೆ. ಏನೂ ಕೇಳಿಸಲ್ಲ.” ಆ ದನಿಯಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ.

ಇನ್‌ಸ್ಪೆಕ್ಟರಮ್ಮ ಮತ್ತೆ ಮೇಲೆ ಹತ್ತಿದಳು. ಎಲ್ಲರೂ ಖಾಲಿ ಜಾಗವನ್ನೇ ನೋಡಿದ್ದರು. ಅವಳು ಅದರ ಪಕ್ಕ ನೋಡಿದಳು. ಸಾಲಿನ ತುಂಬ ಧೂಳು — ಪಕ್ಕದ ಆ ಒಂದು ಸೀಟು ಮಾತ್ರ ಒರೆಸಿದಂತಿತ್ತು. ಅದನ್ನು ಮೇಲಕ್ಕೆ ಮಡಚಿದಳು. ಅಡಿಯಲ್ಲಿ ಬಣ್ಣದ ನಂಬರು. ಆಚೆ ಬದಿಯದನ್ನೂ ಮಡಚಿದಳು.

“ಮ್ಯಾನೇಜರೇ, ಇದು ಹನ್ನೆರಡು. ಅದು ಹದಿನಾಲ್ಕು. ನಡುವೆ ಇಪ್ಪತ್ತೆಂಟು ಎಲ್ಲಿಂದ ಬಂತು?”

“ಗೇಟಿನ ಕಡೆಯಿಂದ ಎಣಿಸಿದ್ದೆ...”

“ಯಾವ ಗೇಟು? ಆ ತುದಿಯಲ್ಲಿ ಇಟ್ಟಿಗೆ ಹಾಕಿ ಮುಚ್ಚಿದ ಬಾಗಿಲಿದೆ ನೋಡಿ. ಹಳೇ ಗೇಟು ಅದು. ನಂಬರು ಶುರುವಾಗೋದು ಅಲ್ಲಿಂದ. ನಿಮ್ಮ ಸ್ಥಾಪಕರ ಸೀಟು ಇದೇ ಸಾಲಿನಲ್ಲಿ ಧೂಳು ತಿನ್ಕೊಂಡು ಆರಾಮಾಗಿದೆ.”

ಮ್ಯಾನೇಜರ್ ನಕ್ಕುಬಿಟ್ಟ. “ಅಂದ್ರೆ ಕಳ್ಳನೂ ತಪ್ಪು ಸೀಟೇ ಕದ್ದ!”

“ತಪ್ಪಿದ್ದು ನೀವು. ಕದ್ದವರಿಗೆ ಬೇಕಾಗಿದ್ದೇ ಹದಿಮೂರು. ನೀವು ಅದಕ್ಕೆ ರಿಬ್ಬನ್ ಕಟ್ಟಿ ಬೇರೆಯವರ ಹೆಸರಲ್ಲಿ ಗಾಜಿನೊಳಗೆ ಇಡೋಕೆ ಹೊರಟ್ರಿ — ಅದಕ್ಕೇ ಕದ್ರು. ಕಳ್ಳತನಕ್ಕೆ ಬಂದವರು ಪಕ್ಕದ ಸೀಟು ಒರೆಸಿ ಕೂರಲ್ಲ. ಅದು ತಮ್ಮ ಜಾಗ ಅನ್ನೋರು ಕೂರ್ತಾರೆ. ಅಜ್ಜಾ, ಹೊರಗಿನವರು ಬಂದಿಲ್ಲ ಅಂದ್ರಿ. ಒಳಗಿನವರು?”

“ನನ್ನ ಬಾಯಿಂದ ಬೇಡಮ್ಮಾ.”

“ಹೋಗ್ಲಿ, ಹದಿಮೂರರಲ್ಲಿ ಯಾರು ಕೂರ್ತಿದ್ರು?”

ಅಜ್ಜ ಮ್ಯಾನೇಜರನ ಮುಖ ನೋಡಿದ. “ಇವರಣ್ಣ.”

“ನಂಗೆ ಗೊತ್ತಿರ್ಲಿಲ್ಲ,” ಎಂದ ಮ್ಯಾನೇಜರ್. “ನಾನು ಯಾವಾಗ್ಲೂ ಮೇಲೆ, ಗಾಜಿನ ಕೋಣೆಯಲ್ಲಿ...”

“ಹನ್ನೆರಡರಲ್ಲಿ ಅವರ ಹೆಂಡತಿ,” ಎಂದಳು ಇನ್‌ಸ್ಪೆಕ್ಟರಮ್ಮ. “ಬೋಲ್ಟ್ ಬಿಚ್ಚಿದ ಸ್ಪ್ಯಾನರ್ ಮೆಷಿನ್ ಮೇಲೇ ಇದೆ. ಸೀಟು ತಗೊಂಡಿದ್ದು ನಿಮ್ಮತ್ತಿಗೆ.”

ಒಗೆಯುವ ಕೋಣೆಯ ಮೂಲೆಯಲ್ಲಿ ಜೆರ್ಸಿಗಳ ರಾಶಿಯ ಕೆಳಗೆ ಸೀಟು ಸಿಕ್ಕಿತು. ಅತ್ತಿಗೆ ಅಲ್ಲಗಳೆಯಲಿಲ್ಲ.

“ಬಿಚ್ಚೋ ಮುಂಚೆ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆ. ಅಳು ಬರುತ್ತೆ ಅಂದ್ಕೊಂಡಿದ್ದೆ. ಬರ್ಲಿಲ್ಲ. ಅವರು ಹೋದಾಗಿಂದ ಏನೂ ಬರಲ್ಲ.” ಅವಳು ಅಜ್ಜನ ಕಡೆ ತಿರುಗಿದಳು. “ನಿಮ್ಮ ತಲೆಗೆ ಬಂತು ಅಂತ ಗೊತ್ತಿರ್ಲಿಲ್ಲ ಅಜ್ಜಾ. ನೀವಾದ್ರೂ ಹೇಳಬಾರದಿತ್ತಾ?”

“ಹೇಗಮ್ಮಾ ಹೇಳ್ಲಿ?”

ಮ್ಯಾನೇಜರ್ ಕೀಲಿಗೊಂಚಲನ್ನು ಅಜ್ಜನ ಕೈಗಿಟ್ಟು, ಹೊಸ ಗೇಟಿಗೂ ನೀವೇ ಬನ್ನಿ ಎಂದ. ಜಡ್ಡುಗಟ್ಟಿದ್ದ ಇನ್‌ಸ್ಪೆಕ್ಟರಮ್ಮನಿಗೂ ಅಲ್ಲಿ ನಿಲ್ಲುವುದು ಕಷ್ಟವಾಯಿತು.

“ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ ಅತ್ತಿಗೆ?”

“ಕೇಳಿದ್ನಲ್ಲಪ್ಪಾ.” ಅವಳ ಕೈ ಮಡಚುವುದನ್ನು ನಿಲ್ಲಿಸಲಿಲ್ಲ. “ಹಳೇ ಮರ ಯಾಕೆ, ಹೊಸದರಲ್ಲಿ ಸೀಟು ಕೊಡಿಸ್ತೀನಿ ಅಂತ ನೀನು ಹೇಳಿದೆ. ಎರಡು ಕೊಡಿಸ್ತೀಯಾ ಅಂತ ನಾನು ಕೇಳಿದೆ. ಒಬ್ಬರಿಗೆ ಎರಡ್ಯಾಕೆ ಅಂದೆ ನೀನು.”