ಬಾವುಟದ ಹುಳುವಿಗೆ ಬಿದ್ದ ಕಳ್ಳನ ಹೆಸರು

ಬಹಳ ಬಹಳ ಹಿಂದೆ, ಮಳೆ ಬಿಸಿಲು ಒಂದರ ಬೆನ್ನಿಗೊಂದು ಬೀಳುತ್ತಿದ್ದ ಸಂಪಿಗೆದುರ್ಗವೆಂಬ ರಾಜ್ಯವಿತ್ತು. ಅಂಥ ಊರಲ್ಲಿ ಹುಳುಗಳಿಗೇನು ಬರ? ಜನರಿಗಿಂತ ಅವೇ ಹೆಚ್ಚು. ಅದಕ್ಕೇ ಅಲ್ಲೊಂದು ಪದ್ಧತಿ ಇತ್ತು. ಮನೆಯೊಳಗೆ ಗುರುತಿಲ್ಲದ ಹುಳು ಕಂಡರೆ ಯಾರೂ ಹೊಡೆಯುವಂತಿರಲಿಲ್ಲ. ಅದರ ಮೇಲೆ ತೆಂಗಿನ ಕರಟ ಬೋರಲು ಹಾಕಿ, ಹುಳು ಹೇಳುವವಳನ್ನು ಕರೆಯಬೇಕು. ಅವಳು ಕರಟ ಎತ್ತಿ ನೋಡಿ ನೆಂಟ, ದಾರಿಹೋಕ, ಕಳ್ಳ, ಈ ಮೂರರಲ್ಲಿ ಒಂದು ಮಾತು ಹೇಳಬೇಕು. ನೆಂಟನಾದರೆ ಮನೆಯಲ್ಲೇ ಇರಲಿ. ದಾರಿಹೋಕನಾದರೆ ಎಲೆಯ ಮೇಲೆ ಹತ್ತಿಸಿ ಹೊರಗೆ ಬಿಡಬೇಕು. ಕಳ್ಳನಾದರೆ ಡಂಗುರ ಹೊಡೆಸಿ, ಮನೆಮನೆಯಲ್ಲೂ ಬೇವಿನ ಹೊಗೆ ಹಾಕಿ, ಅದರ ಸಂತತಿಯನ್ನೇ ಓಡಿಸಬೇಕು.

ಈ ಕೆಲಸ ಬಾಚಲೆಯೆಂಬ ಹುಡುಗಿಯ ಮನೆತನದ್ದು. ಅಜ್ಜಿ ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂತು. ಅಜ್ಜಿಗೂ ಗೊತ್ತಿಲ್ಲದ ಹುಳುಗಳು ಬರುತ್ತಿದ್ದವು. ಆಗ ಮುದುಕಿ, ಇದು ನನಗೂ ಹೊಸದು ಎಂದು ಅಲ್ಲೇ ಕಾಲು ಚಾಚಿ ಕುಳಿತು, ಎಲೆಅಡಿಕೆ ಮೆಲ್ಲುತ್ತ, ಅದು ಎಲ್ಲಿ ಹೋಗುತ್ತದೆ, ಏನು ತಿನ್ನುತ್ತದೆ ಎಂದು ನೋಡುತ್ತಿದ್ದಳು. ಮುದುಕಿಗೆ ಅದು ಒಪ್ಪುತ್ತಿತ್ತು. ಬಾಚಲೆಗೆ ಇನ್ನೂ ಹರೆಯ. ಆ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ಗೊತ್ತಿಲ್ಲ ಎನ್ನುವುದಕ್ಕಿಂತ ಬಾವಿಗೆ ಬೀಳುವುದು ಸುಲಭ.

ಒಂದು ದಿನ ನೇಕಾರರ ಸಂಕಮ್ಮನ ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಕೇರಿಗೆ ಕೇರಿಯೇ ಬಾಗಿಲಲ್ಲಿ ನೆರೆದಿತ್ತು. ಎಲ್ಲರಿಗಿಂತ ಮುಂದೆ ಸಂಕಮ್ಮನ ಮೊಮ್ಮಗಳು ನೀಲಿ, ಅರಳು ಹುರಿದ ಹಾಗೆ ಮಾತಾಡುವ ಪುಟ್ಟ ಹುಡುಗಿ. ಬಾಚಲೆ ಕರಟ ಎತ್ತಿದಳು. ನೊಣದಷ್ಟು ದೊಡ್ಡ ಕಪ್ಪು ಹುಳು. ಕಡಜದಂಥ ಸೊಂಟ, ಉದ್ದುದ್ದ ಕಾಲು. ಹಿಂದೆ ಸಣ್ಣ ಬಾವುಟ ಕಟ್ಟಿಕೊಂಡ ಹಾಗೆ ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಅಂಥದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಿವಿ ಬಿಸಿಯಾಯಿತು. ಜನ ಉಸಿರು ಹಿಡಿದು ಕಾಯುತ್ತಿದ್ದರು. ನೋಡಿದರೆ ಕುಟುಕುವ ಜಾತಿಯ ಹಾಗಿದೆ, ಏನೋ ಒಂದು ಅಂದುಬಿಟ್ಟರಾಯಿತು ಎಂದುಕೊಂಡು, "ಕಳ್ಳ" ಎಂದಳು.

ಡಂಗುರ ಮೊಳಗಿತು. ಹೊಗೆ ಎದ್ದಿತು. ಬಾವುಟದ ಹುಳುಗಳು ಸತ್ತವು ಸತ್ತವು, ಉಳಿದವು ದೇಶ ಬಿಟ್ಟು ಹೋದವು. ದೊರೆ ಗಜಮಲ್ಲ ಬಾಚಲೆಗೆ ಶಾಲು ಹೊದಿಸಿ, ಅಜ್ಜಿಗೆ ತಕ್ಕ ಮೊಮ್ಮಗಳು ಎಂದು ಹೊಗಳಿದ.

ದುರ್ಗದ ಕೆಳಗಿನ ಬಿಲದಲ್ಲಿ ಬಿಲಕೇತುವೆಂಬ ಮಾಂತ್ರಿಕನಿದ್ದ. ಅವನು ಸಾಕಿದ್ದು ಜಿರಲೆಗಳನ್ನು. ಇಷ್ಟು ದಿನ ಬಾಲ ಮುದುರಿಕೊಂಡಿದ್ದವನು ಈಗ ತಲೆ ಎತ್ತಿದ. ಜಿರಲೆಗಳು ಒಂದಕ್ಕೆ ನೂರಾದವು. ಮಲಗಿದ ಮಕ್ಕಳ ತುಟಿಯನ್ನು ಅವು ನೆಕ್ಕಿದರೆ ಸಾಕು, ಆ ಮಗುವಿನ ಮಾತು ಬಿಲಕೇತುವಿನ ಹೊಟ್ಟೆ ಸೇರುತ್ತಿತ್ತು. ಮೊದಲು ಹೋದದ್ದು ನೀಲಿಯ ಮಾತು. ಆಮೇಲೆ ಕೇರಿಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮೂಕರಾದರು.

ಬಾಚಲೆ ತನ್ನ ಒಲೆಯ ಹಿಂದೆ ಗುಡಿಸುವಾಗ ಹುಣಸೆಬೀಜದಂಥ ಜಿರಲೆಯ ಮೊಟ್ಟೆಚೀಲವೊಂದು ಸಿಕ್ಕಿತು. ಅದಕ್ಕೆ ಸೂಜಿ ಚುಚ್ಚಿದಂಥ ತೂತು. ಒಳಗೆ ಮೊಟ್ಟೆಗಳಿರಲಿಲ್ಲ, ಅವನ್ನೆಲ್ಲ ತಿಂದು ಬೆಳೆದು ಹೊಗೆಗೆ ಸತ್ತ ಪುಟ್ಟ ಬಾವುಟದ ಹುಳು ಒಂದಿತ್ತು. ಅವಳಿಗೆ ಎಲ್ಲ ಅರ್ಥವಾಯಿತು. ತಾನು ಕಳ್ಳ ಎಂದದ್ದು ಕಾವಲುಗಾರನನ್ನು.

ಹೇಳೋಣವೆಂದರೆ ನಾಲಗೆ ಏಳಲಿಲ್ಲ. ಜನ ಅವಳ ಬಾಗಿಲಿಗೇ ಬಂದು, ಆ ಕಳ್ಳನನ್ನು ನೀನು ಓಡಿಸಿರದಿದ್ದರೆ ಇನ್ನೇನು ಗತಿಯಾಗುತ್ತಿತ್ತೋ ತಾಯಿ ಎಂದು ಕೈಮುಗಿಯುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಕೈಮುಗಿದರೆ ಹೇಗೆ ತಡೆಯುವುದು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ ಯಾರು ಜಿರಲೆಯ ಸುದ್ದಿ ಎತ್ತಿದರೂ ಅವಳ ಮುಖ ಕೆಂಪಾಗುತ್ತಿತ್ತು. ನೀಲಿ ಮಾತ್ರ ಏನನ್ನೂ ಹೇಳಲಾರದೆ ಅವಳನ್ನೇ ದಿಟ್ಟಿಸುತ್ತಿದ್ದಳು. ಆ ನೋಟ ತಾಳಲಾರದೆ ಬಾಚಲೆ ಶಾಲನ್ನು ಮೂಲೆಗೆಸೆದು ಹುಳುಬೆಟ್ಟಕ್ಕೆ ಹೊರಟಳು. ಮಾಯದ ಹುಳುಗಳಿರುವುದು ಅಲ್ಲೇ.

ಬೆಟ್ಟದ ಬುಡದಲ್ಲಿ ಎತ್ತಿನಷ್ಟು ದೊಡ್ಡ ಸೂರ್ಯನ ಕುದುರೆ ಹುಳು ಮುಂಗಾಲು ಜೋಡಿಸಿ ನಿಂತಿತ್ತು. ಬಿಲಕೇತುವನ್ನು ಕೊಲ್ಲು ಎಂದು ಬಾಚಲೆ ಬೇಡಿದಳು. ಅದು, ಎದುರಿಗೆ ಬಂದದ್ದನ್ನು ನಾನು ಹಿಡಿದೇನು, ಸಂದಿಯಲ್ಲಿ ಅಡಗಿದ್ದು ನನ್ನಿಂದಾಗದು, ಅದಕ್ಕೆ ನಿಮ್ಮ ಮನೆಯಲ್ಲೇ ಬಾವುಟದ ಹುಳು ಇತ್ತಲ್ಲ, ಎಲ್ಲಿ ಹೋಯಿತು ಎಂದಿತು. "ನನಗೆ ಗೊತ್ತಿಲ್ಲ" ಎಂದಳು ಬಾಚಲೆ. ನಿಜವಾಗಿ ಗೊತ್ತಿಲ್ಲದಾಗ ಬಾರದ ಮಾತು, ಗೊತ್ತಿದ್ದಾಗ ಎಷ್ಟು ಸಲೀಸಾಗಿ ಬಂತು ನೋಡಿ. ತಲೆ ತಗ್ಗಿಸಿ ಮುಂದೆ ನಡೆದಳು.

ಬೆಟ್ಟದ ನಡುವೆ ಆನೆಯಷ್ಟು ದೊಡ್ಡ ಕುಂಬಾರ ಹುಳು ಕೆಸರು ತಂದು ಗೂಡು ಮೆತ್ತುತ್ತಿತ್ತು. ಅದನ್ನೂ ಬೇಡಿದಳು. ನಾನು ಹಿಡಿಯುವುದು ಜೇಡವನ್ನು, ಜಿರಲೆಯ ಕೆಲಸ ಬಾವುಟದ ಹುಳುವಿನದು, ಅದೆಲ್ಲಿ ಎಂದು ಅದೂ ಕೇಳಿತು. "ಯಾರೋ ಓಡಿಸಿಬಿಟ್ಟರು" ಎಂದಳು. ಈ ಸಲ ತನ್ನ ದನಿ ಕೇಳಿ ತನಗೇ ಅಸಹ್ಯವಾಯಿತು.

ಬೆಟ್ಟದ ತುದಿಯ ಹುತ್ತದೊಳಗೆ ಗೆದ್ದಲ ರಾಣಿ ಮಲಗಿದ್ದಳು. ಬಾಚಲೆ ಬೇಡುವ ಮೊದಲೇ ಅವಳು ಕೇಳಿದಳು. "ಓಡಿಸಿ ಅಂದವರು ಯಾರು?"

ಬಾಚಲೆ ಈ ಸಲ ಮರೆಮಾಚಲಿಲ್ಲ. "ನಾನೇ. ಅದೇನೆಂದು ನನಗೆ ತಿಳಿದಿರಲಿಲ್ಲ. ಜನ ನೋಡುತ್ತಿದ್ದರು, ನಾಚಿಕೆಯಾಯಿತು."

ರಾಣಿ ಅವಳನ್ನು ಹತ್ತಿರ ಕರೆದಳು. ಆಮೇಲೆ, ಬಿಲಕೇತುವಿನ ಜೀವ ಅವನ ಮೈಯಲ್ಲಿಲ್ಲ, ಒಂದು ಜಿರಲೆಯ ಮೊಟ್ಟೆಚೀಲದಲ್ಲಿದೆ, ಅದನ್ನು ಹುಡುಕಿ ಚುಚ್ಚಬಲ್ಲದ್ದು ಬಾವುಟದ ಹುಳು ಒಂದೇ ಎಂದು ತಿಳಿಸಿದಳು. "ನಿನ್ನ ಮಾತು ಮೀರಿದವರ ಮನೆಯಲ್ಲಿ ಇನ್ನೂ ನಾಲ್ಕು ಉಳಿದಿರಬಹುದು. ಆದರೆ ಮಗಳೇ, ಅವರು ಒಪ್ಪಿಕೊಳ್ಳಬೇಕಾದರೆ ಮೊದಲು ನೀನು ಒಪ್ಪಿಕೊಳ್ಳಬೇಕು. ಇಲ್ಲಿ ಕತ್ತಲಲ್ಲಿ ಅಲ್ಲ, ಮೊದಲು ಹೇಳಿದ ಜಾಗದಲ್ಲಿ."

ಬೆಟ್ಟ ಹತ್ತಿದ್ದು ಸುಲಭ, ಇಳಿದದ್ದು ಕಷ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ದಾರಿಯುದ್ದಕ್ಕೂ ಅವಳ ಬೆನ್ನು ಹತ್ತಿತು. ಆದರೂ ಬಂದಳು. ಡಂಗುರ ಹೊಡೆಸಿ ಸಂಕಮ್ಮನ ಮನೆಯ ಮುಂದೆ ಎಲ್ಲರನ್ನೂ ಸೇರಿಸಿದಳು. ದೊರೆಯೂ ಪಲ್ಲಕ್ಕಿಯಲ್ಲಿ ಬಂದ.

"ಅವತ್ತು ನಾನು ಕಳ್ಳ ಅಂದದ್ದು ಸುಳ್ಳು. ಆ ಹುಳು ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಮಕ್ಕಳ ಮಾತು ಹೋದದ್ದು ನನ್ನ ಬಾಯಿಂದ" ಎಂದಳು ಬಾಚಲೆ. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು. "ನನ್ನ ಮಾತು ಕೇಳದೆ ಹೊಗೆ ಹಾಕದವರು ಯಾರಾದರೂ ಇದ್ದರೆ, ದಯವಿಟ್ಟು ಮುಂದೆ ಬನ್ನಿ."

ಒಬ್ಬಳು ತಾಯಿ ಮುಖ ತಿರುಗಿಸಿ ಉಗುಳಿದಳು. ಬಾಚಲೆ ಕದಲದೆ ನಿಂತಳು. ಕೊನೆಗೆ ಪಲ್ಲಕ್ಕಿಯ ಪರದೆಯೊಳಗಿನಿಂದ ಯಾರೋ ಕೆಮ್ಮಿದರು.

"ಅರಮನೆಯ ಹಳೇ ಉಗ್ರಾಣದಲ್ಲಿ ಇದ್ದಾವು" ಎಂದ ದೊರೆ ಗಜಮಲ್ಲ, ಹುಲಿ ಬೇಟೆಗೆ ಹೆಸರಾದವನು. "ನಾವು ಅಲ್ಲಿ ಹೊಗೆ ಹಾಕಿಸಲಿಲ್ಲ. ಅದು, ಏನೆಂದರೆ, ಹುಳುಗಳು ಹೊರಗೆ ಬಂದು ಮೈಮೇಲೆ ಬಿದ್ದಾವೆಂದು ನಮಗೆ ಹೆದರಿಕೆ."

ನಗು ಬಂದರೂ ಯಾರೂ ನಗಲಿಲ್ಲ. ಉಗ್ರಾಣದ ಬೀಗ ತೆಗೆದರು. ಕಪ್ಪು ಹುಳುಗಳು ಬಾವುಟ ಆಡಿಸುತ್ತ ಹೊರಗೆ ಬಂದು ಸಂದುಗೊಂದುಗಳನ್ನೆಲ್ಲ ಮೂಸಿದವು. ಕೋಟೆಬಾಗಿಲ ಬಿರುಕಿನಲ್ಲಿ ಅಂಟಿದ್ದ ಒಂದು ಮೊಟ್ಟೆಚೀಲದ ಮೇಲೆ ಒಂದು ಹುಳು ಕುಳಿತು ಚುಚ್ಚಿತು. ಬಿಲಕೇತು ಬಿಲದಿಂದ ಹೊರಗೋಡಿ ಬಂದು ಅರಚಲು ಬಾಯಿ ತೆರೆದ. ನುಂಗಿದ್ದ ಮಾತುಗಳೆಲ್ಲ ಬುರ್ರನೆ ಹಾರಿಹೋದವು. ಅವನು ಒಣಗಿ ಬರೀ ಸಿಪ್ಪೆಯಾಗಿ ಉದುರಿದ.

ಕೇರಿಯ ಮಕ್ಕಳೆಲ್ಲ ಒಟ್ಟಿಗೆ ಗಲಾಟೆ ಎಬ್ಬಿಸಿದರು. ನೀಲಿ ಓಡಿಬಂದು ಬಾಚಲೆಯ ಸೆರಗು ಹಿಡಿದಳು.

"ಅಕ್ಕಾ, ನಿಂಗೆ ಗೊತ್ತಿಲ್ಲ ಅಂತ ನಂಗೆ ಅವತ್ತೇ ಗೊತ್ತಾಗಿತ್ತು. ನಿನ್ನ ಕಿವಿ ಕೆಂಪಾಗಿತ್ತು. ನೀನೊಬ್ಳೇ ಸಿಕ್ಕಾಗ ಕೇಳೋಣ ಅಂತಿದ್ದೆ, ಅಷ್ಟರಲ್ಲಿ ಮಾತೇ ಹೋಯ್ತು."

ಬಾಚಲೆ ಅವಳನ್ನು ಅಪ್ಪಿಕೊಂಡು ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮಕ್ಕಳು ಮಾತಾಡುತ್ತ, ದೊರೆ ಹೆದರುತ್ತ, ಹುಳು ಬಾವುಟ ಆಡಿಸುತ್ತ, ಸಂಪಿಗೆದುರ್ಗದವರೆಲ್ಲ ಸುಖವಾಗಿದ್ದರು. ಬಾಚಲೆಯೂ ಸುಖವಾಗಿದ್ದಳು. ಕರಟ ಎತ್ತಲು ಕರೆ ಬಂದಾಗಲೆಲ್ಲ ನೀಲಿಯನ್ನು ಜೊತೆಗೆ ಕರೆದೊಯ್ದು, ತನ್ನ ಕಿವಿಯನ್ನು ನೋಡುತ್ತಿರು ಎಂದು ಹೇಳುತ್ತಿದ್ದಳು.